ಒದ್ದೆ ಒಂದೆಡೆ, ಬಿರುಕು ಇನ್ನೊಂದೆಡೆ

ರಾತ್ರಿಯೆಲ್ಲ ಜಡಿಮಳೆ ಸುರಿದು ಬೆಳಗಿಗೆ ಹೊಳವಾಗಿದೆ. ಮಕ್ಕಳನ್ನು ಶಾಲೆಗೆ ಬಿಟ್ಟುಬರಲೆಂದು ಮನೆಯ ಯಜಮಾನರು ಕಾರಿನ ಬಾಗಿಲು ತೆರೆಯುತ್ತಾರೆ. ಮುಗ್ಗಲು ವಾಸನೆ ಮೂಗಿಗೆ ಅಡರುತ್ತದೆ. ಕಿರಿಯ ಮಗಳು ಒಳಗೆ ಕಾಲಿಟ್ಟೊಡನೆ ನೆಲಹಾಸು ‘ಪಚಕ್’ ಎನ್ನುತ್ತದೆ. ಕಿಟಕಿಗಳೆಲ್ಲ ಮುಚ್ಚಿದ್ದವು, ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಹಾಗಾದರೆ ನೀರು ಬಂದುದೆಲ್ಲಿಂದ?

ಮಳೆಗಾಲದಲ್ಲಿ ಎಷ್ಟೋ ಮನೆಗಳ ಮುಂದೆ ನಡೆಯುವ ಪ್ರಸಂಗವಿದು. ಇದಕ್ಕೆ ನಡೆಯುವ ಚಿಕಿತ್ಸೆಯೂ ಸಾಮಾನ್ಯವಾಗಿ ಒಂದೇ ಬಗೆಯದು. ಅಂಗಡಿಯಿಂದ ಸಿಲಿಕೋನ್ ಅಂಟನ್ನು ತಂದು, ಮುಂಗಾಜಿನ ಸುತ್ತ, ಬಾಗಿಲಿನ ಅಂಚಿಗೆ, ಕಂಡ ಕಂಡ ಸಂದಿಗೆಲ್ಲ ಮೆತ್ತುವುದು. ಮುಂದಿನ ಮಳೆಗೆ ನೀರು ಮತ್ತೆ ಹಾಜರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು!

ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸುತ್ತಿನ ಹೆಂಚಿನ ಮನೆಗಳಲ್ಲಿ ಬಾಳಿದವರಿಗೆ ಈ ತಪ್ಪು ಸುಲಭವಾಗಿ ಅರ್ಥವಾದೀತು. ಒಡೆದ ಹೆಂಚು ಒಂದೆಡೆ. ಹನಿ ಬೀಳುವುದು ಮತ್ತೊಂದೆಡೆ. ನಡುವೆ ನೀರು ರೀಪು ಪಕಾಸಿಗಳ ಗುಂಟ ಸದ್ದಿಲ್ಲದೆ ಹರಿದು ಬಂದಿರುತ್ತದೆ. ಕಾರಿನಲ್ಲಿಯೂ ಅಷ್ಟೆ. ಒದ್ದೆಯಾದ ಜಾಗವು ನೀರಿನ ಪ್ರಯಾಣದ ಕೊನೆಯೇ ಹೊರತು ಮೊದಲಲ್ಲ.

ಬರುವ ನೀರಿಗೆ ಹೋಗುವ ದಾರಿ

ಕಾರೆಂದರೆ ನೀರು ಹೊಗದ ಭದ್ರ ಡಬ್ಬಿಯೆಂದು ಹಲವರ ಭಾವನೆ. ವಾಸ್ತವವಾಗಿ ಅದನ್ನು ರೂಪಿಸಿದವರೇ ಮಳೆನೀರನ್ನು ಕೆಲವೆಡೆ ಒಳಬಿಟ್ಟುಕೊಂಡು, ಗುಪ್ತವಾದ ಕಾಲುವೆಗಳ ಮೂಲಕ ಹೊರಗೆ ಸಾಗಿಸುವ ಏರ್ಪಾಡು ಮಾಡಿರುತ್ತಾರೆ. ಬಾಗಿಲಿನ ಗಾಜಿನ ಮೇಲೆ ಬಿದ್ದ ನೀರಿನಲ್ಲಿ ಕೊಂಚ ಭಾಗ ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿದು, ಕೆಳಗಿನ ಅಂಚಿನ ಸಣ್ಣ ರಂಧ್ರಗಳಿಂದ ಹೊರಬೀಳುತ್ತದೆ. ಮುಂಗಾಜಿನ ಬುಡದಲ್ಲಿ, ಒರಸುವ ಕಡ್ಡಿಗಳ ಕೆಳಗೆ, ಒಂದು ತೊಟ್ಟಿಯಿದೆ. ಅದರಲ್ಲಿ ಕೂಡಿದ ನೀರು ಎರಡು ಪಕ್ಕಗಳಿಂದ ನೆಲಕ್ಕಿಳಿಯುತ್ತದೆ. ಮೇಲ್ಛಾವಣಿಯಲ್ಲಿ ತೆರೆಯುವ ಗಾಜಿದ್ದರೆ, ಅದರ ಮೂಲೆಗಳಿಂದ ಸಪೂರವಾದ ಕೊಳವೆಗಳು ಕಂಬಗಳೊಳಗಿನಿಂದ ಕೆಳಗಿಳಿಯುತ್ತವೆ.

ಈ ದಾರಿಗಳು ಕಟ್ಟಿಕೊಂಡವೋ, ತೊಂದರೆ ತಪ್ಪಿದ್ದಲ್ಲ. ಬೆಂಗಳೂರಿನ ರಸ್ತೆಗಳ ಗುಲ್‌ಮೊಹರ್ ಮರದಡಿ ಬೇಸಿಗೆಯೆಲ್ಲ ನಿಂತ ಕಾರಿನ ತೊಟ್ಟಿಯಲ್ಲಿ ಹೂವಿನ ಎಸಳು, ಸಣ್ಣೆಲೆ, ಧೂಳು ಸೇರಿ ಗೊಬ್ಬರವಾಗಿರುತ್ತವೆ. ಮೊದಲ ಮಳೆಗೆ ತೊಟ್ಟಿ ತುಂಬಿ, ಗಾಳಿ ಒಳಬರುವ ಕಂಡಿಯ ಮೂಲಕ ನೀರು ಆಸನದ ಕಾಲಬಳಿಗೆ ಸುರಿಯುತ್ತದೆ. ಇಂತಹ ಕಡೆ ಅಂಟು ಮೆತ್ತಿದರೆ ಹೋಗುವ ದಾರಿಯೂ ಮುಚ್ಚಿ, ಬೇನೆ ಇಮ್ಮಡಿಯಾಗುತ್ತದೆ. ಬೇಕಾದುದು ಅಂಟಲ್ಲ, ಒಂದು ಕುಂಚ ಮತ್ತು ಒಂದು ಚೊಂಬು ನೀರು.

ಜಾಡು ಹಿಡಿಯುವ ಬಗೆ

ಮೊದಲು ಕೇಳಬೇಕಾದ ಪ್ರಶ್ನೆ: ಇದು ಮಳೆಯ ನೀರೇ ಹೌದೆ? ಬಿಸಿಲಿನ ದಿನವೂ, ಹವಾನಿಯಂತ್ರಣ ಯಂತ್ರ ಓಡಿದ ಮೇಲೆ ಚಾಲಕನ ಪಕ್ಕದ ಆಸನದ ಕಾಲಬಳಿ ಒದ್ದೆಯಾದರೆ, ಆ ಯಂತ್ರದಲ್ಲಿ ಸಾಂದ್ರೀಕರಿಸಿದ ನೀರನ್ನು ಹೊರಬಿಡುವ ಕೊಳವೆ ಕಟ್ಟಿದೆಯೆಂದು ಶಂಕಿಸಬೇಕು. ಸೆಕೆಯ ದಿನ ಕಾರಿನ ಅಡಿಯಲ್ಲಿ ತೊಟ್ಟಿಕ್ಕಬೇಕಾದ ನೀರು ಕಾಣದಿದ್ದರೆ ಶಂಕೆ ಇನ್ನಷ್ಟು ಗಟ್ಟಿಯಾಗುತ್ತದೆ. ನೀರು ಅಂಟಂಟಾಗಿದ್ದು ಸಿಹಿವಾಸನೆ ಬೀರಿದರೆ ಅದು ಎಂಜಿನನ್ನು ತಂಪುಗೊಳಿಸುವ ದ್ರವ. ಅದು ವಿಷ, ಮಕ್ಕಳನ್ನು ದೂರವಿಟ್ಟು, ಕೂಡಲೇ ಮೆಕ್ಯಾನಿಕ್ಕಿಗೆ ತೋರಿಸುವುದು ಲೇಸು.

ಮಳೆಯ ನೀರೇ ಎಂದಾದರೆ ಪರೀಕ್ಷೆಗೆ ಇಬ್ಬರು ಬೇಕು. ಒಳಭಾಗವನ್ನು ಒಣಗಿಸಿ, ನೆಲಹಾಸನ್ನು ಎತ್ತಿಟ್ಟು, ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತುಕೊಳ್ಳಬೇಕು. ಇನ್ನೊಬ್ಬರು ತೋಟದ ರಬ್ಬರು ಕೊಳವೆಯಿಂದ, ಮಳೆಯಂತೆ ಮೆಲ್ಲನೆ, ನೀರು ಬಿಡಬೇಕು. ರಭಸದ ಧಾರೆ ಸಲ್ಲದು. ಮಳೆ ಹೊಗದ ಕಡೆಗೂ ಅದು ನುಗ್ಗಿ ದಾರಿ ತಪ್ಪಿಸುತ್ತದೆ. ಕೆಳಗಿನಿಂದ ಆರಂಭಿಸಿ ಹಂತಹಂತವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ತೊಡಗಿದರೆ ನೀರು ಎಲ್ಲೆಡೆ ಹರಿದು, ಯಾವ ಸಂದಿ ಕಳ್ಳನೆಂಬುದು ತಿಳಿಯದು. ಒಂದೊಂದು ಕಡೆಯೂ ಐದು ಹತ್ತು ನಿಮಿಷ ಕಾಯುವ ತಾಳ್ಮೆ ಬೇಕು. ಒಳಗಿನ ಲೋಹದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿದ್ದರೆ ನೀರು ತಾನೇ ಗೆರೆಯೆಳೆದು ತನ್ನ ಜಾಡನ್ನು ತೋರಿಸಿಕೊಡುತ್ತದೆ.

ಬಾಗಿಲಿನ ರಬ್ಬರು ಪಟ್ಟಿಯ ಪರೀಕ್ಷೆ ಇನ್ನೂ ಸುಲಭ. ಕಾಗದದ ತುಂಡೊಂದನ್ನು ಇಟ್ಟು ಬಾಗಿಲು ಮುಚ್ಚಿ ಎಳೆದರೆ ಬಿಗಿಯಾಗಿರಬೇಕು. ಸರಕ್ಕನೆ ಜಾರಿಬಂದರೆ ಅಲ್ಲಿ ಪಟ್ಟಿ ಸೋತಿದೆಯೆಂದರ್ಥ. ಕಿಟಕಿಯನ್ನೋ ಧ್ವನಿಪೆಟ್ಟಿಗೆಯನ್ನೋ ರಿಪೇರಿ ಮಾಡಿಸಿದ ಮೇಲೆ ಸೋರಲಾರಂಭಿಸಿದ್ದರೆ, ಬಾಗಿಲಿನ ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಅಂಟಿಸದೆ ಬಿಟ್ಟಿರುವ ಸಂಭವವೇ ಹೆಚ್ಚು. ಸಾಮಾನುಪೆಟ್ಟಿಗೆಯಲ್ಲಿ ನೀರು ನಿಂತರೆ ಹಿಂದಿನ ದೀಪಗಳ ರಬ್ಬರನ್ನು ನೋಡಬೇಕು.

ಯಾವುದು ಮನೆಯ ಕೆಲಸ, ಯಾವುದಲ್ಲ

೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರಿನ ಮುಂಗಾಜು ದಪ್ಪ ರಬ್ಬರಿನ ಚೌಕಟ್ಟಿನಲ್ಲಿ ಕೂಡುತ್ತಿತ್ತು. ಆ ರಬ್ಬರನ್ನು ಬದಲಿಸಿದರೆ ಆಯಿತು. ಈಗಿನ ಕಾರುಗಳ ಮುಂಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಲೋಹಕ್ಕೆ ಬೆಸೆದಿರುತ್ತಾರೆ. ಕಾರಿನ ಮೈಕಟ್ಟಿನ ಬಲಕ್ಕೂ ಅದು ಆಸರೆ. ಅಲ್ಲಿ ಸೋರಿದರೆ ಗಾಜನ್ನು ತೆಗೆದು ಹೊಸದಾಗಿ ಬೆಸೆಯಬೇಕು. ಅದು ನುರಿತವರ ಕೆಲಸ. ಛಾವಣಿಯ ಕೊಳವೆಗಳಿಗೆ ರಭಸದ ಗಾಳಿ ಊದಿಸುವುದೂ ತರವಲ್ಲ. ಒಳಗೆಲ್ಲೋ ಬೆಸುಗೆ ಕಳಚಿಕೊಂಡೀತು.

ಸೋರಿಕೆ ನಿಂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನೆಲಹಾಸು ಮೇಲೆ ಒಣಗಿದಂತೆ ಕಂಡರೂ ಅದರಡಿಯ ಸ್ಪಂಜು ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟು ಹುಟ್ಟುವುದು, ಉಬ್ಬಸವಿರುವ ಮಕ್ಕಳಿಗೆ ತೊಂದರೆಯಾಗುವುದು, ತಗಡು ಒಳಗೊಳಗೇ ತುಕ್ಕು ತಿನ್ನುವುದು, ಎಲ್ಲವೂ ಅಲ್ಲಿಂದಲೇ. ಆಧುನಿಕ ಕಾರುಗಳಲ್ಲಿ ವಿದ್ಯುತ್ ತಂತಿಗಳ ಗಂಟುಗಳೂ ನಿಯಂತ್ರಣ ಪೆಟ್ಟಿಗೆಗಳೂ ಬಹುಮಟ್ಟಿಗೆ ಕಾಲಡಿಯಲ್ಲಿಯೇ ಇರುತ್ತವೆ. ಅವು ನೆನೆದರೆ ಕುಂಚದ ಕೆಲಸ ಸಾವಿರಾರು ರೂಪಾಯಿಗಳ ಖರ್ಚಾಗಿ ಬೆಳೆಯುತ್ತದೆ. ಆದ್ದರಿಂದ ಹಾಸನ್ನು ಎತ್ತಿ, ಬಿಸಿಲಿಗೂ ಗಾಳಿಗೂ ಒಡ್ಡಿ ಪೂರ್ತಿ ಒಣಗಿಸಬೇಕು. ಹಳದಿ ಹೊದಿಕೆಯ ತಂತಿಗಳು ಕಂಡರೆ ಮುಟ್ಟಬಾರದು; ಅವು ಪ್ರಾಣರಕ್ಷಕ ಗಾಳಿಚೀಲಕ್ಕೆ ಸೇರಿದವು.

ಮಳೆಗಾಲಕ್ಕೆ ಮುಂಚೆ ಸೂರಿನ ದೋಣಿಯ ತರಗೆಲೆ ತೆಗೆಯುವುದು ಹಳೆಯ ಮನೆಗಳ ವಾಡಿಕೆ. ಅಂಗಳದಲ್ಲಿ ನಿಂತ ಕಾರಿಗೂ ಅದೇ ಉಪಚಾರ ಸಲ್ಲಬೇಕು. ನೀರಿನೊಡನೆ ಹಟ ಹೂಡಿ ಗೆದ್ದವರಿಲ್ಲ. ಅದಕ್ಕೆ ಹೋಗಲು ದಾರಿ ಬಿಟ್ಟವರ ಕಾರು ಒಣಗಿರುತ್ತದೆ.