ಸರಕಿನ ದೋಷ ಮತ್ತು ಸಂಸ್ಥೆಯ ಕೀರ್ತಿ

ಗ್ರಾಹಕರ ನಂಬಿಕೆಯೇ ಉದ್ಯಮದ ನಿಜವಾದ ಮೂಲಧನ. ಸರಕಿನಲ್ಲಿ ಅಪಾಯ ಕಂಡುಬಂದಾಗ ಅದು ಉಳಿಯುವುದೂ ಅಳಿಯುವುದೂ ಸಂಸ್ಥೆಯ ನಡತೆಯನ್ನು ಅವಲಂಬಿಸಿದೆ.

1982ರಲ್ಲಿ ಅಮೆರಿಕದ ಷಿಕಾಗೋ ಪ್ರದೇಶದಲ್ಲಿ ಯಾರೋ ಸೈನೈಡ್ ಬೆರೆಸಿದ್ದ ಟೈಲೆನಾಲ್ ಕ್ಯಾಪ್ಸೂಲುಗಳನ್ನು ಸೇವಿಸಿ ಏಳು ಮಂದಿ ಮೃತರಾದರು. ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯು ಸುಮಾರು 3.1 ಕೋಟಿ ಸೀಸೆಗಳನ್ನು ಹಿಂದಕ್ಕೆ ಪಡೆದು, ಭದ್ರವಾದ ಮೊಹರಿನೊಡನೆ ಔಷಧವನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಜನರ ವಿಶ್ವಾಸವೂ ಮರಳಿತು.

ಜಪಾನಿನ ಟಕಾಟಾ ಸಂಸ್ಥೆಯ ಕಥೆ ಬೇರೆ. ಕಾರಿನ ಅಪಘಾತದಲ್ಲಿ ಪ್ರಾಣ ಕಾಯಬೇಕಾದ ಅದರ ಏರ್‌ಬ್ಯಾಗುಗಳೊಳಗಿನ ಅಮೋನಿಯಂ ನೈಟ್ರೇಟ್ ತೇವ ಹಾಗೂ ಶಾಖದಿಂದ ಕೆಟ್ಟು, ಲೋಹದ ಚೂರುಗಳು ಸಿಡಿದು ಹಲವರು ಸತ್ತರು. ಪರೀಕ್ಷೆಯ ಅಂಕಿಗಳನ್ನು ತಿದ್ದಿದ್ದಾಗಿ 2017ರಲ್ಲಿ ಒಪ್ಪಿಕೊಂಡ ಆ ಸಂಸ್ಥೆ ಅದೇ ವರ್ಷ ದಿವಾಳಿಯಾಯಿತು.

ಆದುದರಿಂದ ದೋಷವನ್ನು ಮರೆಮಾಚದೆ, ನಷ್ಟವಾದರೂ ಸರಿಯೆಂದು ಸರಕನ್ನು ಹಿಂದಕ್ಕೆ ಪಡೆಯುವುದೇ ಉದ್ಯಮದ ಧರ್ಮ. ಅದೇ ಅದರ ಲಾಭವೂ ಹೌದು.