ಖಡಕ್ ಟೈರು, ಮೆತ್ತನ್ನ ಟೈರು

ನಮ್ಮೂರು ಸಲಗರ ಬುದ್ರುಕದಿಂದ ಸೊಲ್ಲಾಪುರಕ್ಕೆ ಹೊರಟ ಕಾರು ಎಲ್ಲಿಗೆ ಬಂತು ಎಂದು ತಿಳಿಯಲು ಕಣ್ಣು ಬೇಕಿಲ್ಲ, ಕಿವಿ ಸಾಕು. ಓಣಿಯ ಸಿಮೆಂಟಿನ ಮೇಲೆ ಸಣ್ಣಗೆ ಸರಸರ. ಊರು ದಾಟಿ ಹೊಲದ ನಡುವಿನ ಕಡಿ ರಸ್ತೆಗೆ ಬಿದ್ದರೆ ಹರಳುಗಳು ಹಾರಿ ಕಾರಿನ ತಳಕ್ಕೆ ಟಣ್ ಟಣ್ ಬಡಿಯುತ್ತವೆ. ಎರಡೂ ಬದಿಗೆ ತೆನೆ ಹಿಡಿಯುತ್ತಿರುವ ಹಿಂಗಾರಿ ಜೋಳ, ಅದರ ಬುಡದಲ್ಲಿ ಈಗಾಗಲೇ ಬಿರುಕು ಬಿಡತೊಡಗಿದ ಎರೆಭೂಮಿ. ಮುಂದೆ ಡಾಂಬರು ಬರುತ್ತದೆ, ದಡ್ ದಡ್. ಡಾಂಬರು ಎನ್ನುವುದಕ್ಕಿಂತ ತೇಪೆಯ ಮೇಲೆ ಹಾಕಿದ ತೇಪೆ ಎನ್ನಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದರ ಬೆನ್ನ ಮೇಲಿನ ರಸ್ತೆ ನೆಟ್ಟಗೆ ಇರಬೇಕೆಂದರೆ ಹೇಗೆ ಇದ್ದೀತು? ಸಾಲದ್ದಕ್ಕೆ ಕಬ್ಬಿನ ಹಂಗಾಮು. ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಟ್ರ್ಯಾಕ್ಟರಿನ ನೆತ್ತಿಗೆ ದೊಡ್ಡ ಸ್ಪೀಕರು. ಹಾಡು ಮೊದಲು ಬರುತ್ತದೆ, ಕಬ್ಬು ಆಮೇಲೆ. ಅದನ್ನೂ ದಾಟಿ ಹೆದ್ದಾರಿಗೆ ಹತ್ತಿ ಕಾರು ಅರವತ್ತು ಮುಟ್ಟಿದ ಮೇಲೆ ಟಣ್ ಟಣ್, ದಡ್ ದಡ್ ಎಲ್ಲ ಅಡಗಿ ಒಂದೇ ಸಮನೆ ‘ಗುಂಯ್’ ಎಂಬ ದನಿ ನೆಲದಿಂದ ಎದ್ದು ಸೀಟಿಗೆ ಬರುತ್ತದೆ.

ನಾವು ಕುಳಿತಿದ್ದ ವ್ಯಾಗನ್‌ಆರ್‌ನಲ್ಲಿ ಆ ಗುಂಯ್ ಜೋರಾಗಿಯೇ ಇತ್ತು. 2019ರ ಗಾಡಿ. ಪಕ್ಕದ ಮನೆಯ ಮಾಸ್ತರದ್ದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವವರು. ಮುಂದಿನ ಸೀಟಿನಲ್ಲಿ ಪುಣೆಯಲ್ಲಿ ಓದುವ ಮಗ, ಹಿಂದೆ ನನ್ನ ಪಕ್ಕ ಮಾಸ್ತರ ತಾಯಿ. ಅಮಾಸಿಗೊಮ್ಮೆ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ, ನಡುವೆ ಮೊಣಕಾಲಿನ ಡಾಕ್ಟರಿಗೆಂದು ಸೊಲ್ಲಾಪುರ: ಈ ಕಾರಿನಲ್ಲಿ ಅತಿ ಹೆಚ್ಚು ಕುಳಿತವರು ಆಯಿಯೇ. ತಗ್ಗು ಬಂದಾಗೆಲ್ಲ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದರು.

“ಸಾವಕಾಶ ನಡಸೋ ತಮ್ಮಾ,” ಎಂದರು ಒಮ್ಮೆ.

“ಏನಂದೀ ಅವ್ವಾ? ಕೇಳಸ್ಲಿಲ್ಲ!” ಎಂದು ಮಾಸ್ತರು ಕೂಗಿದರು.

ಈ ಸದ್ದಿನ ಕಾರಣಕ್ಕೇ ಆವತ್ತು ಟೈರು ಬದಲಿಸಲು ಹೊರಟಿದ್ದು. ಊರ ಕಡೆಯ ಮೆಕ್ಯಾನಿಕ್ ಒಬ್ಬ ಸದ್ದು ಕೇಳಿ ‘ಬೇರಿಂಗ್ ಹೋಗ್ಯಾದ’ ಎಂದು ಹಿಂದಿನ ಬೇರಿಂಗ್ ಬದಲಿಸಿಯೂ ಆಗಿತ್ತು. ದುಡ್ಡು ಹೋಯಿತು, ಸದ್ದು ಉಳಿಯಿತು.

ಸೊಲ್ಲಾಪುರದ ಟೈರ್ ಅಂಗಡಿ ಎಂದರೆ ಮೊದಲು ವಾಸನೆ. ಹೊಸ ರಬ್ಬರಿನ ಕಮಟು, ಅದರೊಳಗೆ ಗ್ರೀಸು, ಸಾಬೂನು ನೀರು, ಪಕ್ಕದ ಗಾಡಿಯ ಚಹಾ. ಸೂರು ಮುಟ್ಟುವ ಹಾಗೆ ಒಂದರ ಮೇಲೊಂದು ಪೇರಿಸಿದ ಟೈರುಗಳು. ಹತ್ತಿರ ಹೋಗಿ ನೋಡಿದರೆ ಅವುಗಳ ಮೈಮೇಲೆ ಇನ್ನೂ ಅಚ್ಚಿನಿಂದ ಬಂದ ರಬ್ಬರಿನ ಕೂದಲು. ಬೋರ್ಡು ಮರಾಠಿಯಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ, ಹುಡುಗರ ನಡುವಿನ ಬೈಗುಳ ಹಿಂದಿಯಲ್ಲಿ. ನಾವು ನಮ್ಮೊಳಗೆ ಮಾತಾಡುವುದು ಕಿವಿಗೆ ಬಿದ್ದದ್ದೇ ಮಾಲೀಕ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದ. “ಬರ್ರಿ ಮಾಸ್ತರ್, ಆಯೀ ಇಲ್ಲೆ ಕುಂದರ್ರಿ, ಸ್ಟೂಲ್ ಕೊಡೋ.” ಆಮೇಲೆ ಎದ್ದು ಬಂದು ಕಾರಿನ ಹಿಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕುಳಿತ.

“ಅಂಗೈ ಹಿಂಗ ಇಡ್ರಿ. ಮುಂದಕ್ಕ ಎಳೀರಿ. ಹ್ಯಾಂಗದ?”

ನುಣ್ಣಗಿತ್ತು.

“ಈಗ ಹಿಂದಕ್ಕ ಎಳೀರಿ.”

ಅಂಗೈಗೆ ಚುರುಕ್ಕೆಂದಿತು. ಟೈರಿನ ಅಂಚಿನ ಪ್ರತಿ ರಬ್ಬರ್ ಗಟ್ಟಿಯೂ ಒಂದು ಬದಿಗೆ ಸವೆದು ಇನ್ನೊಂದು ಬದಿಗೆ ಚೂಪಾಗಿ ನಿಂತಿತ್ತು. ಗರಗಸ ಸವೆತ ಎಂದರೆ ಇದೇ. ಮುಂದಿನ ಗಾಲಿ ಎಳೆಯುವ ಸಣ್ಣ ಕಾರುಗಳಲ್ಲಿ ಹಿಂದಿನವು ಬರೀ ಹಿಂಬಾಲಿಸುತ್ತವೆ; ಟೈರುಗಳನ್ನು ಹಿಂದೆ ಮುಂದೆ ಮಾಡದೆ ವರ್ಷಗಟ್ಟಲೆ ಬಿಟ್ಟರೆ ಅವು ಹೀಗೆ ಹಲ್ಲು ಮಸೆದುಕೊಳ್ಳುತ್ತವೆ. ಗಾಲಿ ತಿರುಗಿದಂತೆಲ್ಲ ಆ ಚೂಪುಗಳು ರಸ್ತೆಗೆ ಬಡಿಯುತ್ತವೆ, ಒಳಗೆ ಕುಳಿತವರಿಗೆ ಬೇರಿಂಗು ಹೋದಂತೆಯೇ ಕೇಳಿಸುತ್ತದೆ. ಬೇರಿಂಗಿನದಾದರೆ ಕಾರು ಎಡಬಲಕ್ಕೆ ವಾಲಿದಾಗ ದನಿ ಸಾಮಾನ್ಯವಾಗಿ ಏರಿಳಿಯುತ್ತದೆ. ಟೈರಿನದಾದರೆ ರಸ್ತೆಯ ಮೈ ಬದಲಾದಾಗ ದನಿ ಬದಲಾಗುತ್ತದೆ. ಇಷ್ಟು ತಿಳಿಯಲು ಯಂತ್ರ ಬೇಡ, ಒಂದು ಅಂಗೈ ಸಾಕಿತ್ತು.

ಮಾಲೀಕ ಉಗುರಿನಿಂದ ಟೈರನ್ನು ಒತ್ತಿದ. ಉಗುರು ಇಳಿಯಲಿಲ್ಲ. ಟೈರಿನ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ತೋರಿಸಿದ: 3119. ಅಂದರೆ 2019ರ 31ನೇ ವಾರದಲ್ಲಿ ತಯಾರಾದದ್ದು. ಗೆರೆಗಳೊಳಗೆ ಇರುವ ಸವೆತದ ಗುರುತು 1.6 ಮಿಲಿಮೀಟರ್ ಎತ್ತರದ್ದು. ಕಾನೂನಿನ ಪ್ರಕಾರ ಟೈರು ಅಲ್ಲಿಯವರೆಗೆ ಸವೆಯಬಹುದು. ಇವು ಅಲ್ಲಿಗಿನ್ನೂ ಬಂದಿರಲಿಲ್ಲ. “ಹಲ್ಲು ಅದಾವ್ರಿ ಮಾಸ್ತರ್, ಜೀವ ಇಲ್ಲ,” ಎಂದ. ನಲವತ್ತು ಡಿಗ್ರಿ ದಾಟುವ ಸೊಲ್ಲಾಪುರದ ಬೇಸಿಗೆಗಳಲ್ಲಿ ಬೇವಿನ ಮರದ ಅರೆನೆರಳಿನಲ್ಲಿ ನಿಂತು ನಿಂತು ರಬ್ಬರು ಗಟ್ಟಿಯಾಗಿತ್ತು. ಕಡಿಮೆ ಓಡುವ ಕಾರಿನವರು ಮೋಸ ಹೋಗುವುದು ಇಲ್ಲೇ. ಕಿಲೋಮೀಟರು ಲೆಕ್ಕ ಹಾಕುತ್ತಾರೆ, ವರ್ಷ ಲೆಕ್ಕ ಹಾಕುವುದಿಲ್ಲ.

“ಈಗ ಹೇಳ್ರಿ. ಲೈಫ್ ಬೇಕೋ, ಆರಾಮ ಬೇಕೋ?”

ಎರಡೂ ಎನ್ನುವ ಉತ್ತರ ಮಾಸ್ತರ ಬಾಯಿಯಲ್ಲಿತ್ತು. ಟೈರಿನಲ್ಲಿ ಅದು ಸಾಧ್ಯವಿಲ್ಲ. ಬಹುದಿನ ಬಾಳಲೆಂದು ಮಾಡಿದ ಟೈರಿನ ರಬ್ಬರು ಗಟ್ಟಿ, ಗೋಡೆ ಬಿಗಿ. ಕಲ್ಲಿಗೆ, ಜಾಲಿ ಮುಳ್ಳಿಗೆ ಸುಲಭಕ್ಕೆ ಬಗ್ಗದು, ರಸ್ತೆಯ ಏಟನ್ನೂ ನುಂಗದೆ ಮೇಲಕ್ಕೆ ದಾಟಿಸಿಬಿಡುತ್ತದೆ. ಆರಾಮಕ್ಕೆಂದು ಮಾಡಿದ್ದು ಏಟು ನುಂಗುತ್ತದೆ, ಬೇಗ ಸವೆಯುತ್ತದೆ, ಗೋಡೆಗೆ ಪೆಟ್ಟು ತಿನ್ನುವ ಭಯವೂ ತುಸು ಹೆಚ್ಚು. ನಮ್ಮ ಸಣ್ಣ ಕಾರುಗಳ 13 ಇಂಚಿನ ಗಾಲಿಗೆ ಅಂಗಡಿಯಲ್ಲಿ ರಾಶಿ ಬಿದ್ದಿರುವುದು ಮೊದಲ ಜಾತಿಯವೇ. ಹೆಸರು ಓದಿದರೂ ಗೊತ್ತಾಗುತ್ತದೆ: ಒಂದರಲ್ಲಿ ‘ಲೈಫ್’, ಇನ್ನೊಂದರಲ್ಲಿ ‘ಡ್ಯೂರಾ’, ಮತ್ತೊಂದರಲ್ಲಿ ಮೈಲೇಜಿನ ನೆನಪು. ‘ಕಂಫರ್ಟ್’ ಎಂದು ಬರೆದವು ಹೆಚ್ಚಾಗಿ ದೊಡ್ಡ ಗಾಲಿಯ ಅಳತೆಗಳಲ್ಲೇ ಸಿಗುತ್ತವೆ. ಸಣ್ಣ ಕಾರಿನವನಿಗೆ ಜೇಬು ಮಾತ್ರ ಇದೆ, ಕಿವಿ ಇಲ್ಲ ಎಂದು ಯಾರೋ ತೀರ್ಮಾನ ಮಾಡಿಟ್ಟ ಹಾಗಿದೆ. ಮೊದಲು ಹೊರದೇಶದಿಂದ ಬರುತ್ತಿದ್ದ ಟೈರುಗಳಿಗೆ 2020ರ ಜೂನ್‌ನಲ್ಲಿ ಸರ್ಕಾರ ಕಡಿವಾಣ ಹಾಕಿದ ಮೇಲೆ ಆಯ್ಕೆ ಇನ್ನಷ್ಟು ಕಿರಿದಾಯಿತು.

ಮಾಲೀಕ ಎರಡು ಟೈರು ಉರುಳಿಸಿ ತಂದು ಪಕ್ಕಪಕ್ಕ ನಿಲ್ಲಿಸಿದ. ಒಂದರ ಮೈತುಂಬ ದಪ್ಪ ದಪ್ಪ ಗಟ್ಟಿಗಳು, ನಡುವೆ ಅಗಲ ಕಾಲುವೆ. ಇನ್ನೊಂದರ ನಡುವೆ ಕಡಿಯದೆ ಸಾಗಿದ ಪಟ್ಟಿ, ಅಂಚಿನ ಗಟ್ಟಿಗಳು ಸಣ್ಣವು, ಸೂಕ್ಷ್ಮವಾಗಿ ನೋಡಿದರೆ ಒಂದೊಂದರ ಅಗಲ ಒಂದೊಂದು. ಅದು ಕಣ್ತಪ್ಪಿ ಆದದ್ದಲ್ಲ. ಗಟ್ಟಿಗಳೆಲ್ಲ ಒಂದೇ ಅಳತೆಯಾದರೆ ಅವು ಸಮ ಅಂತರದಲ್ಲಿ ನೆಲಕ್ಕೆ ಬಡಿದು ಒಂದೇ ಸ್ವರ ಎಬ್ಬಿಸುತ್ತವೆ. ಆ ಒಂದೇ ಸ್ವರ ತಲೆ ಕೊರೆಯುತ್ತದೆ. ಅಳತೆ ಹೆಚ್ಚುಕಡಿಮೆ ಮಾಡಿದರೆ ಸದ್ದು ಹರಿದು ಹಂಚಿಹೋಗುತ್ತದೆ. ಇದರ ಜೊತೆಗೆ ಗೆರೆಗಳಲ್ಲಿ ಸಿಕ್ಕಿದ ಗಾಳಿ ನೆಲಕ್ಕೂ ರಬ್ಬರಿಗೂ ನಡುವೆ ಅದುಮಿಸಿಕೊಂಡು ಹೊರಗೆ ಚಿಮ್ಮುವ ಸೀಟಿ ಬೇರೆ, ಟೈರಿನ ಹೊಟ್ಟೆಯೊಳಗಿನ ಗಾಳಿ ತಗ್ಗಿಗೆ ಬಿದ್ದಾಗ ಮೊಳಗುವುದು ಬೇರೆ. ಕಾರು ನಲವತ್ತು ಐವತ್ತರ ವೇಗ ದಾಟಿತೆಂದರೆ ಎಂಜಿನ್ನಿಗಿಂತ ಇವುಗಳ ಗದ್ದಲವೇ ಹೆಚ್ಚು.

ಗಾಳಿ ತುಂಬಿದ ಟೈರು ಹುಟ್ಟಿದ್ದರ ಹಿಂದೆ ಸದ್ದು ಅಡಗಿಸುವ ಆಸೆಯೂ ಇತ್ತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಮೋಟಾರು ಗಾಡಿಯೇ ಇರಲಿಲ್ಲ. ಕುದುರೆಗಾಡಿಯನ್ನು ಎಳೆಯುವುದು ಹಗುರಾಗಲಿ, ಕುಳಿತವರಿಗೆ ಸುಖವಾಗಲಿ, ಗಲಾಟೆ ಕಡಿಮೆಯಾಗಲಿ ಎಂಬುದು ಅವನ ಉದ್ದೇಶ. ಅವನನ್ನು ಜನ ಮರೆತರು. ನಾಲ್ಕು ದಶಕಗಳ ಬಳಿಕ ಮಗನ ಮೂರು ಗಾಲಿಯ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿದ ಡನ್ಲಪ್‌ನ ಹೆಸರು ನಿಂತಿತು, ಎಷ್ಟರ ಮಟ್ಟಿಗೆ ಎಂದರೆ ನಮ್ಮ ಕಡೆ ರಬ್ಬರ್ ಗಾಲಿಯ ಎತ್ತಿನ ಗಾಡಿಗೆ ಈಗಲೂ ಡನ್ಲಪ್ ಗಾಡಿ ಎನ್ನುವವರಿದ್ದಾರೆ. ಕಬ್ಬಿಣದ ಪಟ್ಟಿಯ ಚಕ್ಕಡಿಯಲ್ಲಿ ಕಣಿಕೆ ಹಾಸಿಕೊಂಡು ಅಕ್ಕಲಕೋಟೆಗೆ ಹೋಗಿಬಂದ ಆಯಿಗೆ ಇದನ್ನು ಹೇಳಿದೆ. “ಎತ್ತಿನ ಗೆಜ್ಜಿ ಸಪ್ಪಳಾ ಚಂದ ಇತ್ತು, ಗಾಲಿ ಸಪ್ಪಳಾ ಅಲ್ಲ,” ಎಂದರು.

ಮಗನ ತಲೆಯಲ್ಲಿ ಬೇರೆಯೇ ಇತ್ತು. 15 ಇಂಚಿನ ಅಲಾಯ್ ಗಾಲಿ, 175/60 ಟೈರು; ಅಂಗಡಿಯ ಗೋಡೆಗೆ ತೂಗುಹಾಕಿದ್ದ ಒಂದನ್ನು ಆಗಲೇ ಮೊಬೈಲಿನಲ್ಲಿ ಸೆರೆಹಿಡಿದಿದ್ದ. ಕಾರಿನ ಮೂಲ ಅಳತೆ 155/80 ಆರ್13. ಲೆಕ್ಕ ಸರಳ: 155 ಮಿಲಿಮೀಟರ್ ಅಗಲ, ಅದರ ನೂರಕ್ಕೆ 80ರಷ್ಟು, ಅಂದರೆ 124 ಮಿಲಿಮೀಟರ್ ಎತ್ತರದ ಗೋಡೆ. 175ರ ನೂರಕ್ಕೆ 60 ಎಂದರೆ 105. ಗಾಲಿ ದೊಡ್ಡದಾದಂತೆ ನೆಲಕ್ಕೂ ರಿಮ್ಮಿಗೂ ನಡುವಿನ ಗಾಳಿಯ ದಿಂಡು 19 ಮಿಲಿಮೀಟರ್ ತೆಳುವಾಯಿತು. ಪುಣೆಯ ರಸ್ತೆಗೆ ಇರಬಹುದು, ತೇಪೆ ಡಾಂಬರಿಗೆ ಅಲ್ಲ. ಮಾಲೀಕ ನಡುದಾರಿ ಸೂಚಿಸಿದ: ಅದೇ ಗಾಲಿಗೆ 175/70 ಆರ್13. ಒಟ್ಟು ಎತ್ತರದಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸವಷ್ಟೇ, ಸ್ಪೀಡೋಮೀಟರು ಸುಳ್ಳು ಹೇಳುವುದಿಲ್ಲ, ಹಿಡಿತ ಹೆಚ್ಚು. ಅನೇಕರು ಹಾಕಿಸುತ್ತಾರೆ. ಆದರೆ ಅಗಲವಾದ ಟೈರು ನೆಲಕ್ಕೆ ಹೆಚ್ಚು ತಾಗುತ್ತದೆ, ಪೆಟ್ರೋಲು ತುಸು ಹೆಚ್ಚು ಕುಡಿಯುತ್ತದೆ, ಸದ್ದೂ ಹೆಚ್ಚಿಸಬಹುದು. ಸದ್ದಿಗಾಗಿಯೇ ಬಂದವರು ಅಗಲಕ್ಕೆ ಆಸೆಪಡಬಾರದು ಎಂಬುದು ನನ್ನ ಮತ. ಎತ್ತರದ ಗೋಡೆಯ ಕಿರಿದಾದ ಟೈರು ನೋಡಲು ಬಡವಾಗಿ ಕಾಣಬಹುದು, ಹಳ್ಳಿ ರಸ್ತೆಯಲ್ಲಿ ಸಾಹುಕಾರ ಅದೇ.

“ಸದ್ದಿನ ನಂಬರ್ ಬರ್ದಿರ್ತದಂತಲ್ರಿ?” ಮಗ ಬಿಡಲಿಲ್ಲ. ಯುರೋಪಿನಲ್ಲಿ 2012ರ ನವೆಂಬರಿನಿಂದ ಟೈರಿಗೆ ಡೆಸಿಬೆಲ್ ಚೀಟಿ ಅಂಟಿಸುತ್ತಾರೆ. ನಮ್ಮಲ್ಲೂ ಎಐಎಸ್-142 ಎಂಬ ಮಾನದಂಡ ಬಂದಿದೆ. ಉರುಳುವ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಸದ್ದು ಮೂರಕ್ಕೂ ಮಿತಿ. ಆದರೆ ಆ ಸದ್ದನ್ನು ಅಳೆಯುವುದು ಎಂಜಿನ್ ನಿಲ್ಲಿಸಿ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಉರುಳಿಬರುವ ಕಾರಿನ ದಾರಿಯಿಂದ ಏಳೂವರೆ ಮೀಟರ್ ದೂರ ಇಟ್ಟ ಮೈಕಿನಿಂದ. ಅಂದರೆ ಅದು ರಸ್ತೆ ಬದಿಗೆ ಕುರಿ ಮೇಯಿಸುತ್ತ ನಿಂತವನ ಕಿವಿಗೆ ಬೀಳುವ ಸದ್ದು, ಒಳಗೆ ಕುಳಿತ ಆಯಿಯ ಕಿವಿಗೆ ಬೀಳುವುದಲ್ಲ. ಚೀಟಿ ಒಳ್ಳೆಯದೇ, ನಮ್ಮ ಪ್ರಶ್ನೆಗೆ ಮಾತ್ರ ಉತ್ತರವಲ್ಲ.

ಮಾಸ್ತರು ಇನ್ನೂ ದಪ್ಪ ಗಟ್ಟಿಗಳ ಟೈರನ್ನೇ ಸವರುತ್ತಿದ್ದರು. ಹತ್ತು ಹದಿನೈದು ಸಾವಿರ ಕಿಲೋಮೀಟರ್ ಹೆಚ್ಚಿಗೆ ಓಡುತ್ತದೆಂದು ಮಾಲೀಕ ಹೇಳಿದ್ದ. ತೀರ್ಪು ಸ್ಟೂಲಿನ ಮೇಲಿಂದ ಬಂತು.

“ಖಡಕ್ ರೊಟ್ಟಿ ತಿಂಗಳಗಟ್ಲೆ ಇರ್ತದೋ ತಮ್ಮಾ, ಹಲ್ಲಿದ್ದವ್ರು ತಿಂತಾರ. ನನಗ ಮೆತ್ತನ್ನ ರೊಟ್ಟೀನ ಬೇಕು.”

ಅಂಗಡಿಯಲ್ಲಿ ಎಲ್ಲರೂ ನಕ್ಕರು. ಟ್ರ್ಯಾಕ್ಟರಿನ ಟೈರು ಕೊಳ್ಳಲು ಬಂದು ಕಾಯುತ್ತಿದ್ದ ರೈತನೊಬ್ಬ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಖುಷಿಗೆ ಬೇರೆ ಕಾರಣವೂ ಇತ್ತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ, ಕಾರಿನದು 28ರಿಂದ 18ಕ್ಕೆ. ಮೆತ್ತನ್ನ ಟೈರಿಗೆ ಮಾಸ್ತರು ಹೆಚ್ಚಿಗೆ ಕೊಟ್ಟ ದುಡ್ಡು ಈ ಇಳಿಕೆಯಲ್ಲೇ ಹೊಂದಿಹೋಯಿತು ಎಂದು ನಾನು ಸಮಾಧಾನ ಹೇಳಿದೆ. ಅವರು ಹೊಸ ಟೈರುಗಳ ನಾಲ್ಕಂಕಿಯನ್ನು ಒಂದೊಂದಾಗಿ ಓದಿದರು. ಮೂರು ಒಂದೇ ತಿಂಗಳಿನವು, ಒಂದು ವರ್ಷ ಹಳೆಯದು. ಅದನ್ನು ಬದಲಿಸಿಕೊಂಡರು. ಮೇಷ್ಟರ ಕಣ್ಣು.

ಮುಂದಿನದೆಲ್ಲ ಹುಡುಗರ ಕೈಚಳಕ. ಹಳೆ ಟೈರಿನ ಅಂಚು ರಿಮ್ಮಿನಿಂದ ಬಿಡುವಾಗ ಒಂದು ನರಳಾಟ. ಹೊಸದಕ್ಕೆ ಸಾಬೂನು ನೀರು ಬಳಿದು ಕೂರಿಸಿ ಹವಾ ಬಿಟ್ಟರೆ ಫಟ್ ಫಟ್ ಎಂದು ಎರಡು ಬಾರಿ ಸಿಡಿದು ಅಂಚು ಕೂತುಕೊಳ್ಳುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಗಾಲಿ ಗಿರ್ರನೆ ತಿರುಗಿ ನಿಂತಿತು, ಪರದೆಯಲ್ಲಿ 15 ಎಂಬ ಅಂಕಿ. ಹುಡುಗ ಹದಿನೈದು ಗ್ರಾಮಿನ ತುಂಡೊಂದನ್ನು ರಿಮ್ಮಿಗೆ ಸುತ್ತಿಗೆಯಿಂದ ಬಡಿದು ಮತ್ತೆ ತಿರುಗಿಸಿದ, ಸೊನ್ನೆ ಬಂತು. ಅಲೈನ್‌ಮೆಂಟ್ ಪರದೆಯಲ್ಲಿ ಮುಂದಿನ ಎರಡೂ ಗಾಲಿಗಳ ಅಂಕಿ ಕೆಂಪಾಗಿದ್ದದ್ದು ಕಾರಿನಡಿ ಮಲಗಿದವನ ಪಾನೆ ತಿರುಗಿದಂತೆ ಹಸಿರಾಯಿತು. ಇದನ್ನು ಮಾಡಿಸದೆ ಬರೀ ಟೈರು ಬದಲಿಸಿ ಓಡಿಸಿದರೆ ಹೊಸ ಟೈರೂ ಬೇಗನೆ ಅಡ್ಡಾದಿಡ್ಡಿ ಸವೆದು ಗುಂಯ್‌ಗುಡುತ್ತದೆ.

ವಾಪಸು ದಾರಿಯಲ್ಲಿ ತೇಪೆ ಡಾಂಬರು ದಡ್ ದಡ್ ಬದಲಿಗೆ ಧುಬ್ ಧುಬ್ ಎಂದಿತು. ಆಯಿಯ ಕೈ ಸೀಟಿನ ಬೆನ್ನಿನಿಂದ ಮಡಿಲಿಗೆ ಇಳಿದಿತ್ತು. ಹೆದ್ದಾರಿಯ ಗುಂಯ್ ಪೂರ್ತಿ ಹೋಗಲಿಲ್ಲ. ತೆಳು ತಗಡಿನ ಹಗುರ ಕಾರಿನಲ್ಲಿ ಅದು ಪೂರ್ತಿ ಹೋಗುವುದೂ ಇಲ್ಲ. ಒಳಗಿನ ಬೇರೆ ಸದ್ದುಗಳು ಈಗ ಕೇಳತೊಡಗಿದವು: ಡ್ಯಾಶ್‌ಬೋರ್ಡಿನ ಮೂಲೆಯ ಕಿರಿಕಿರಿ, ಖಾಲಿ ಬೆಲ್ಟಿನ ಬಕಲ್ಲು. ಮಗ ಪ್ರತಿಯೊಂದನ್ನೂ ಬೆರಳಿಟ್ಟು ಹುಡುಕುತ್ತ ಕೂತ.

ಹವಾ ತಣ್ಣಗಿದ್ದಾಗ ಒಮ್ಮೆ ನೋಡಿಸಿ ಎಂದಿದ್ದ ಮಾಲೀಕ. ಮರುದಿನ ಬೆಳಗ್ಗೆ ಊರಿನ ಪಂಕ್ಚರ್ ಅಂಗಡಿಯ ಹುಡುಗ ಕೊಳವೆ ಚುಚ್ಚಿ ನಲವತ್ತಕ್ಕೆ ಏರಿಸಲು ಹೊರಟಿದ್ದ. ಮಾಸ್ತರು ತಡೆದು, ಡ್ರೈವರ್ ಬಾಗಿಲು ತೆರೆದು ಕಂಬಕ್ಕೆ ಅಂಟಿಸಿದ ಕಂಪನಿಯ ಚೀಟಿ ತೋರಿಸಿದರು. ಹೆಚ್ಚು ಹವಾ ತುಂಬಿದರೆ ಮೆತ್ತನ್ನ ಟೈರೂ ಖಡಕ್ಕೇ ಎಂದು ಪಾಠ ಹೇಳಿದರು. ಹುಡುಗ ಬಗ್ಗಿ ಚೀಟಿ ಓದಿದ, ತಲೆ ಕೆರೆದುಕೊಂಡ.

“ಅಷ್ಟ ಹಾಕ್ತೀನ್ರಿ ಸರ್. ಆದ್ರ ಕಂಪನಿಯವ್ರು ನಮ್ಮ ರೋಡ್ ಯಾವಾಗ ನೋಡ್ಯಾರ್ರಿ?”