ಕುಂಬಾರ ಕಪ್ಪೆ: ಅದರ ಗುರುತು, ಮೊಟ್ಟೆಯಿಡುವ ಕ್ರಮ ಮತ್ತು ತೋಟಗಾರರು ವಹಿಸತಕ್ಕ ಎಚ್ಚರಿಕೆ

ಮಳೆಗಾಲದಲ್ಲಿ ಘಟ್ಟದ ಹಳ್ಳಗಳ ಬದಿಯ ಬೇರುಗಳಿಗೂ ಕಡ್ಡಿಗಳಿಗೂ ಕೆಸರು ಮೆತ್ತಿಕೊಂಡಿರುವುದು ಸಾಮಾನ್ಯ ನೋಟವಾಗಿದೆ. ಹಳ್ಳದ ನೀರು ತಂದ ಕೊಳೆಯೆಂದೆಣಿಸಿ ತೋಟಗಾರರು ಅದನ್ನು ಕೆರೆದು ಹಾಕುವುದುಂಟು. ಆದರೆ ಉತ್ತರ ಕನ್ನಡದ ಕಾಡುಹಳ್ಳಗಳಲ್ಲಿ ಇಂಥ ಮೆತ್ತೆಗಳ ಪೈಕಿ ಕೆಲವು, ಒಂದು ಸಣ್ಣ ಕಪ್ಪೆಯು ತನ್ನ ಮೊಟ್ಟೆಗಳಿಗೆ ಬಳಿದ ಮಣ್ಣಾಗಿರುತ್ತವೆ.

ಗುರುತು.— ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ದೊರೆತ ಈ ಕಪ್ಪೆಯನ್ನು ಡಾ. ಕೆ. ವಿ. ಗುರುರಾಜ ಅವರೂ ಅವರ ಸಂಗಡಿಗರೂ ೨೦೧೪ನೆಯ ಇಸವಿಯಲ್ಲಿ ಹೊಸ ಜಾತಿಯೆಂದು ಪ್ರಕಟಿಸಿದರು. ಅದರ ಶಾಸ್ತ್ರೀಯ ನಾಮದಲ್ಲಿಯೂ 'ಕುಂಬಾರ' ಎಂಬ ಕನ್ನಡದ ಮಾತೇ ಸೇರಿದೆ. ಮೈ ಕಂದು ಬಣ್ಣದ್ದು, ಚರ್ಮವು ಸುಕ್ಕುಗಟ್ಟಿರುತ್ತದೆ, ಕಣ್ಣಿನ ಪಾಪೆಯು ವಜ್ರಾಕೃತಿಯದು, ಹಿಂಗಾಲಿನ ಬೆರಳುಗಳ ನಡುವೆ ಪೊರೆಯುಂಟು. ಇದು ರಾತ್ರಿಯಲ್ಲಿ ಸಂಚರಿಸತಕ್ಕ ಪ್ರಾಣಿ.

ಮೊಟ್ಟೆಯಿಡುವ ಕ್ರಮ.— ಗಂಡು ಕಪ್ಪೆಯು ಆಳವಿಲ್ಲದ ನೀರಿನಲ್ಲಿ ಕುಳಿತು ಕೂಗಿ ಹೆಣ್ಣನ್ನು ಕರೆಯುತ್ತದೆ. ಮೊಟ್ಟೆಯಿಡುವಾಗ ಎರಡೂ ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಲ್ಲುತ್ತವೆ. ನೀರಿನ ಮಟ್ಟಕ್ಕಿಂತ ಮೇಲೆ, ಬೇರು, ಕಡ್ಡಿ ಅಥವಾ ಕಲ್ಲಿಗೆ ಮೊಟ್ಟೆಗಳು ಅಂಟುತ್ತವೆ. ಹೆಣ್ಣು ಹೊರಟುಹೋದ ಬಳಿಕ ಗಂಡು ಹಿಂಗಾಲುಗಳ ಮೇಲೆ ಎದ್ದುನಿಂತು, ಹಳ್ಳದ ತಳದ ಕೆಸರನ್ನು ಮುಂಗೈಗಳಿಂದ ಎತ್ತಿ, ಮೊಟ್ಟೆಗಳು ಮುಚ್ಚುವಂತೆ ಬಳಿಯುತ್ತದೆ. ಈ ಲೇಪವು ಮೊಟ್ಟೆಗಳು ಒಣಗದಂತೆಯೂ ಶತ್ರುಗಳ ಕಣ್ಣಿಗೆ ಬೀಳದಂತೆಯೂ ಕಾಪಾಡುವುದೆಂದು ಭಾವಿಸಲಾಗಿದೆ. ಮರಿಗಳು ಹೊರಬಂದು ಕೆಳಗಿನ ನೀರಿಗೆ ಬಿದ್ದು ಬೆಳೆಯುತ್ತವೆ. ಅದೇ ಸೀಮೆಯ ಜೋಗದ ಕಪ್ಪೆಯಾದರೋ ನೀರಿನ ಮೇಲೆ ಬಾಗಿದ ಎಲೆಗಳಿಗೆ ಮೊಟ್ಟೆಯಿಡುತ್ತದೆ, ಮಣ್ಣು ಬಳಿಯುವುದಿಲ್ಲ. ಇದರಿಂದ ಎರಡರ ಭೇದವನ್ನು ತಿಳಿಯಬಹುದು.

ತೋಟಗಾರಿಕೆಗೂ ಇದಕ್ಕೂ ಸಂಬಂಧ.— ಅಡಕೆಯ ಕೊಳೆರೋಗಕ್ಕೆ ಡಾ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದ ಬೋರ್ಡೋ ದ್ರಾವಣವೇ ಇಂದಿಗೂ ಮುಖ್ಯ ಔಷಧವಾಗಿದೆ. ಅದನ್ನು ಸಿಂಪಡಿಸುವ ಕಾಲವೂ ಈ ಕಪ್ಪೆಯು ಮೊಟ್ಟೆಯಿಡುವ ಕಾಲವೂ ಮಳೆಗಾಲವೇ. ದ್ರಾವಣದಲ್ಲಿರುವ ಮೈಲುತುತ್ತವು ಕಪ್ಪೆಮರಿಗಳಿಗೆ ವಿಷ. ಆದಕಾರಣ ಸಿಂಪಡಿಸುವುದನ್ನು ಬಿಡಬೇಕಾಗಿಲ್ಲ. ಕೆಳಕಂಡ ಎಚ್ಚರಿಕೆಗಳನ್ನು ಮಾತ್ರ ವಹಿಸತಕ್ಕದ್ದು.

೧. ಮೈಲುತುತ್ತ ಕಲಸಿದ ಪಾತ್ರೆಗಳನ್ನೂ ಪಂಪನ್ನೂ ಹಳ್ಳದಲ್ಲಿ ತೊಳೆಯಕೂಡದು. ಮಿಕ್ಕ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಕೂಡದು.

೨. ಹಳ್ಳದ ಬದಿಯ ಕಡ್ಡಿ ಕಸ ತೆಗೆಯುವುದಿದ್ದರೆ ಮಳೆ ಹಿಡಿಯುವುದಕ್ಕೆ ಮುಂಚೆಯೇ ಮುಗಿಸತಕ್ಕದ್ದು.

೩. ಹಳ್ಳಕ್ಕೆ ನೆರಳು ಕೊಡುವ ಮರಗಳನ್ನು ಸೊಪ್ಪಿಗಾಗಿ ಬೋಳಿಸಕೂಡದು.

೪. ಬೇಸಿಗೆಯಲ್ಲಿ ಹಳ್ಳಕ್ಕೆ ಕಟ್ಟು ಹಾಕಿ ನೀರನ್ನೆಲ್ಲ ತೋಟಕ್ಕೆ ತಿರುಗಿಸಿಕೊಳ್ಳದೆ, ಸ್ವಲ್ಪವಾದರೂ ಕೆಳಕ್ಕೆ ಹರಿಯಬಿಡತಕ್ಕದ್ದು.

ಈ ಕಪ್ಪೆಯಿಂದ ಅಡಕೆಯ ಫಸಲು ಹೆಚ್ಚುವುದೆಂದು ಯಾರೂ ಆಶಿಸಬೇಕಾಗಿಲ್ಲ. ಆದರೆ ನೆರಳುಳ್ಳ ದಡ, ನಿರ್ಮಲವಾದ ನೀರು, ಬತ್ತದ ಹಳ್ಳ, ಇವು ಅದಕ್ಕೆ ಹೇಗೋ ತೋಟಕ್ಕೂ ಹಾಗೆಯೇ ಅವಶ್ಯಕವಾಗಿವೆ. ಒಬ್ಬನ ತೋಟದ ಮೇಲ್ಭಾಗದಲ್ಲಿ ಕೆಟ್ಟ ನೀರು ಕೆಳಗಿನವನ ಬಾವಿಗೂ ಕೊಟ್ಟಿಗೆಗೂ ಹೋಗುತ್ತದೆ. ಊರಿನ ಮುಖಂಡರು ಮಳೆಗಾಲಕ್ಕೆ ಮೊದಲೇ ಹಳ್ಳದ ಎರಡೂ ದಡಗಳ ಹಿಡುವಳಿದಾರರನ್ನು ಕೂಡಿಸಿ, ಈ ನಾಲ್ಕು ವಿಷಯಗಳನ್ನು ತಿಳಿಯಹೇಳುವುದು ಉಚಿತ.